ಗಾದಿ ಚಾಚಾ ಚೆಲ್ಲಿದ ಔಷಧಿ

ನ್ಯಾಮತಿಯ ಗಾದಿ ಚಾಚಾ ಹೋದರೆಂದು ಅಕ್ಕ ಫೋನ್ ಮಾಡಿದಾಗ ನಾನು ಚನ್ನಗಿರಿಯ ನಮ್ಮ ಕಾಲೇಜಿನಲ್ಲಿ ಅನುವಂಶೀಯತೆಯ ಪಾಠ ಮುಗಿಸಿ ಕೈಗಂಟಿದ ಸೀಮೆಸುಣ್ಣ ಒರೆಸಿಕೊಳ್ಳುತ್ತಿದ್ದೆ.

"ಲಿವರ್ ಅಂತೆ," ಎಂದಳು. "ಗೊತ್ತಿದ್ದುದೇ. ಸಂಜಿಗೆ ಮಣ್ಣು. ನನ್ನ ಹುಡುಗನ್ನೂ ಕರ್ಕಂಡು ಹೋಗಾಣ, ನೀನು ಬಸ್ ಸ್ಟ್ಯಾಂಡಿಗೆ ಬಾ."

ಹೊರಗಿನ ಗಂಡಸಿನ ಮೇಲೆ ಕೈಮಾಡಿದವರು ನಮ್ಮ ವಂಶದಲ್ಲಿ ಅಕ್ಕ ಒಬ್ಬಳೇ. ಆ ಏಟು ತಿಂದವರು ಗಾದಿ ಚಾಚಾ ಒಬ್ಬರೇ. ಹಾಗಾಗಿ ಫೋನಿನಲ್ಲಿ ಅವಳ ದನಿ ಒಡೆದದ್ದು ನನಗೆ ವಿಚಿತ್ರವೆನಿಸಲಿಲ್ಲ.

ಅವರಿಗೊಂದು ಹೆಸರಿತ್ತು. ಬದುಕಿದ್ದಾಗಲೇ ಯಾರೂ ಅದನ್ನು ಬಳಸುತ್ತಿರಲಿಲ್ಲವಾದ್ದರಿಂದ ಈಗ ನಾನು ಬಳಸುವ ಅಗತ್ಯ ಕಾಣುವುದಿಲ್ಲ. ಹತ್ತಿ ಹಿಂಜಿ ಗಾದಿ ಹೊಲಿಯುವುದು ಅವರ ಮನೆತನದ ಕಸುಬು. ನ್ಯಾಮತಿಯ ಪೇಟೆಯಲ್ಲಿ ಮುಂದೆ ಅಂಗಡಿ, ಹಿಂದೆ ಮನೆ. ಅವರ ಎರಡೂ ಮಂಡಿಗಳು ಮಡಚುವುದನ್ನು ಎಂದೋ ನಿಲ್ಲಿಸಿದ್ದವು. ಕೋಲೂರಿ ಸೊಂಟದಿಂದ ಒಂದೊಂದೇ ಕಾಲನ್ನು ಮುಂದಕ್ಕೆ ಎಸೆದುಕೊಂಡು, ಏಣಿ ತಾನಾಗಿಯೇ ನಡೆದು ಬಂದಂತೆ ಬರುತ್ತಿದ್ದರು. ಕೂರಬೇಕಾದರೆ ಕೂರುತ್ತಿರಲಿಲ್ಲ, ಗಾದಿಗಳ ಅಟ್ಟಿಗೆ ಬೆನ್ನು ಕೊಟ್ಟು ಒರಗುತ್ತಿದ್ದರು. ಅಟ್ಟಿಯಲ್ಲಿ ಅವರ ಬೆನ್ನಿನ ಅಚ್ಚು ಬಿದ್ದಿರುತ್ತಿತ್ತು. ಮಾರಾಟವಾದ ಎಷ್ಟೋ ಗಾದಿಗಳಲ್ಲಿ ಆ ತಗ್ಗು ಇರಲೇಬೇಕು.

ಗಿರಾಕಿ ಬಂದರೆ ಅಳತೆ ಕೇಳುವ ಮೊದಲು, "ಯಾವ ಮಗ್ಗುಲಿಗೆ ಮಲಗ್ತೀರಿ?" ಎಂದು ಕೇಳುವರು. ಆಮೇಲೆ, "ನಿದ್ದೆ ಬರ್ತೈತಾ?" ಬರುವುದಿಲ್ಲವೆಂದರೆ, "ಹಂಗಾದ್ರೆ ಹತ್ತಿ ಒಂಚೂರು ಜಾಸ್ತಿ ಹಾಕಬೇಕು. ಹೊಳ್ಳಾಡೋರಿಗೆ ಗಾದಿ ಬೇಗ ಸವಿತೈತೆ." ಮದುವೆಯ ಗಾದಿ ಒಯ್ಯಲು ಬಂದ ಬೀಗರೊಬ್ಬರು ಮೆತ್ತಗಿರುತ್ತದೆಯೇ ಎಂದು ಅನುಮಾನಿಸಿದಾಗ ಅವರು ಕೊಟ್ಟ ಉತ್ತರವನ್ನು ನಾನೇ ಕೇಳಿದ್ದೇನೆ: "ಮೊದಲ್ನೇ ವರ್ಷ ಎಲ್ಲಾ ಮೆತ್ತಗೇ ಇರ್ತೈತೆ ಬಿಡ್ರಿ. ಗಾದಿನೂ ಅಷ್ಟೇ."

ಅವರ ಕಾಯಿಲೆ ಹಿಮೋಫೀಲಿಯಾ. ರಕ್ತವನ್ನು ಹೆಪ್ಪುಗಟ್ಟಿಸುವ ಅಂಶವೊಂದು ಹುಟ್ಟಿನಿಂದಲೇ ಇಲ್ಲದಿರುವುದು. ತಾಯಿಯ ಕಡೆಯಿಂದ ಬರುತ್ತದೆ, ಗಂಡುಮಕ್ಕಳನ್ನು ಹಿಡಿಯುತ್ತದೆ. ಇದನ್ನು ನಾನು ಪ್ರತಿ ವರ್ಷ ಬೋರ್ಡಿನ ಮೇಲೆ ನಾಲ್ಕು ಮನೆಯ ಚೌಕ ಹಾಕಿ, ಕಾಯಿಲೆ ಬಂದ ಮಗುವಿನ ಮನೆಗೆ ಬಣ್ಣ ತುಂಬಿ ಕಲಿಸುತ್ತೇನೆ. ನಮ್ಮಮ್ಮನಿಂದ ಅಕ್ಕನಿಗೆ ಗುಪ್ತವಾಗಿ ಬಂದದ್ದು ಅಕ್ಕನಿಂದ ಅವಳ ಮಗನಿಗೆ ಬಹಿರಂಗವಾಗಿ ಬಂತು. ನಡುವೆ ನಾನು ತಪ್ಪಿಸಿಕೊಂಡೆ. ಚೌಕದಲ್ಲಿ ನನ್ನದು ಖಾಲಿ ಮನೆ. ಪುಸ್ತಕದಲ್ಲಿ ಈ ಕಾಯಿಲೆಗೆ ಉದಾಹರಣೆಯಾಗಿ ಕೊಡುವುದು ಇಂಗ್ಲೆಂಡಿನ ರಾಣಿಯೊಬ್ಬಳ ಸಂಸಾರವನ್ನು ಎಂದು ನಾನೊಮ್ಮೆ ಹೇಳಿದಾಗ ಚಾಚಾ ಬಹಳ ಹೊತ್ತು ಯೋಚಿಸಿ, "ಹಂಗಾದ್ರೆ ನಾವು ಅವ್ರು ನೆಂಟರಾದ್ವಿ. ಒಂದು ಕಾಗದ ಇಲ್ಲ, ಸುದ್ದಿ ಇಲ್ಲ, ನೋಡ್ರಿ," ಎಂದರು.

ಜನ ತಿಳಿದುಕೊಂಡಂತೆ ಇವರಿಗೆ ಸೂಜಿ ಚುಚ್ಚಿದರೆ ಪ್ರಾಣ ಹೋಗುವುದಿಲ್ಲ. ಚಾಚಾ ಮೊಳದುದ್ದದ ದಬ್ಬಣ ಹಿಡಿದು ದಿನವಿಡೀ ಹೊಲಿಯುತ್ತಿದ್ದರು. ಕಷ್ಟವಿರುವುದು ಒಳಗಡೆ. ಮಂಡಿಯೊಳಗೆ, ಮೊಣಕೈಯೊಳಗೆ, ಯಾರಿಗೂ ಕಾಣದಂತೆ ರಕ್ತ ಸೋರಿ ಕೀಲು ಊದಿಕೊಳ್ಳುತ್ತದೆ. ಮಗು ಗೋಡೆಗೆ ತಾಗಿದರೆ ಆಯಿತು. ಇಂಥ ಮಗುವಿನ ತಾಯಿಗೆ ಮನೆಯೆಂದರೆ ಮೂಲೆಗಳ ಮತ್ತು ಅಂಚುಗಳ ಒಂದು ಸಂಚು. ಅಕ್ಕ ಅಡುಗೆಮನೆಯ ಹೊಸ್ತಿಲಿಗೆ ಹಳೇ ಸೀರೆ ಸುತ್ತಿದ್ದಳು. ಪೂಜೆಗೆ ಬಂದ ಅಯ್ಯನವರು ಅದಕ್ಕೂ ಕುಂಕುಮ ಹಚ್ಚಿ ಹೋದರು.

ಇಂಥ ಹಲವು ತಾಯಂದಿರಿಗೆ ಚಾಚಾನ ಅಂಗಡಿ ಹೇಗೋ ಗೊತ್ತಾಯಿತು. ಚನ್ನಗಿರಿ, ಹೊನ್ನಾಳಿ, ದೂರದ ಜಗಳೂರು ಎಲ್ಲ ಕಡೆಯಿಂದ ಆಗಾಗ ಭಾನುವಾರ ಮಕ್ಕಳನ್ನು ಕರೆದುಕೊಂಡು ಬರತೊಡಗಿದರು. ಕಾರಣ ಸರಳ. ನ್ಯಾಮತಿಯೂ ಸೇರಿ ನಾಲ್ಕೂ ತಾಲ್ಲೂಕುಗಳಲ್ಲಿ ಈ ಮಕ್ಕಳು ಧೈರ್ಯವಾಗಿ ಬೀಳಬಹುದಾದ ಜಾಗ ಅದೊಂದೇ. ನೆಲಕ್ಕೆಲ್ಲ ಗಾದಿ, ಗೋಡೆಗೆ ಒರಗಿಸಿದ್ದು ಗಾದಿ. "ಬೀಳಾದಿದ್ರೆ ಇಲ್ಲಿ ಬಂದು ಬೀಳ್ರಲೇ," ಎಂದು ಚಾಚಾ ಕೂಗುತ್ತಿದ್ದರು. ಜೀವಮಾನದಲ್ಲಿ ಎಂದೂ ಜಿಗಿಯದ ಮಕ್ಕಳು ಅಲ್ಲಿ ಕಪ್ಪೆಗಳಂತೆ ಜಿಗಿಯುತ್ತಿದ್ದರು. ತಾಯಂದಿರು ಗೋಡೆಗೊರಗಿ ಆ ಕೆಲವು ಗಂಟೆ ಕಣ್ಣುಮುಚ್ಚುತ್ತಿದ್ದರು. ಗಿರಾಕಿಗಳು ಬಂದು ನೋಡಿ ಬೇರೆ ಅಂಗಡಿಗೆ ಹೋಗುತ್ತಿದ್ದರು.

ಅವರು ಈ ಗುಂಪನ್ನು "ನಮ್ಮ ಜಾತಿಯೋರು" ಎನ್ನುತ್ತಿದ್ದರು. ಅದರಲ್ಲಿ ಲಿಂಗಾಯತರಿದ್ದರು, ಸೂರಗೊಂಡನಕೊಪ್ಪದ ಕಡೆಯ ಲಂಬಾಣಿಗರಿದ್ದರು, ಮನೆಯಲ್ಲಿ ಬುದ್ಧನ ಪಟವಿಟ್ಟುಕೊಂಡ ಜಗಳೂರಿನ ಗುಮಾಸ್ತರೊಬ್ಬರಿದ್ದರು. ಗುಮಾಸ್ತರ ಇಬ್ಬರು ಮಕ್ಕಳಿಗೂ ಈ ಕಾಯಿಲೆ. "ನಮ್ಮ ಜಾತಿಗೊಂದು ಸರ್ಟಿಫಿಕೇಟ್ ಕೊಡಿಸ್ರಿ ಚಾಚಾ, ಮೀಸಲಾತಿಗೆ ಅರ್ಜಿ ಹಾಕಾಣ," ಎಂದು ಅವರು ರೇಗಿಸಿದರೆ, "ಮೊದ್ಲು ನಮ್ಮೋರ ಕಾಲು ನೆಟ್ಟಗಾಗ್ಲಿ ತಡೀರಿ. ಕ್ಯೂ ನಿಲ್ಲಾಕೆ ಯಾರಿದಾರೆ?" ಎನ್ನುತ್ತಿದ್ದರು.

ಅವರನ್ನು ಜ್ಞಾನಿ ಎಂದು ಯಾರೂ ತಪ್ಪು ತಿಳಿಯಬಾರದು. ಬೆಂಡೆಕಾಯಿ ತಿಂದರೆ ರಕ್ತ ಗಟ್ಟಿಯಾಗುತ್ತದೆ ಎಂದು ಬಲವಾಗಿ ನಂಬಿದ್ದರು, ಲೋಳೆಯೇ ಸಾಕ್ಷಿ. ಅಮಾವಾಸ್ಯೆಗೆ ಕೀಲು ಜಾಸ್ತಿ ಸೋರುತ್ತದೆ ಎನ್ನುತ್ತಿದ್ದರು. ನಾನು ಅಲ್ಲಗಳೆದರೆ, "ನಿಮ್ಮದು ಖಾಲಿ ಮನೆ ಮೇಷ್ಟ್ರೇ, ನಿಮಗೆ ಹೆಂಗೆ ಗೊತ್ತಾಗ್ತೈತೆ?" ಎಂದು ಬಾಯಿ ಮುಚ್ಚಿಸುತ್ತಿದ್ದರು. ಹಟ, ಸಣ್ಣಬುದ್ಧಿ, ಜಿಪುಣತನ ಎಲ್ಲ ಅಳತೆಗೆ ತಕ್ಕಷ್ಟಿದ್ದವು. ಗಿರಾಕಿಯ ಅಂಗಿಗೆ ಅಂಟಿಕೊಂಡ ಹತ್ತಿಯ ಎಳೆಯನ್ನು ಮಾತಾಡುತ್ತಲೇ ಕಿತ್ತು ಚೀಲಕ್ಕೆ ಹಾಕಿಕೊಳ್ಳುತ್ತಿದ್ದರು. ಯಾವುದನ್ನೂ ಚೆಲ್ಲುವುದು ಅವರ ಕೈಯಲ್ಲಿ ಆಗುತ್ತಿರಲಿಲ್ಲ.

ಔಷಧಿಯ ವಿಷಯದಲ್ಲೂ ಇದೇ ಬುದ್ಧಿ. ಈ ಕಾಯಿಲೆಗೆ ಇಲ್ಲದ ಅಂಶವನ್ನು ಹೊರಗಿನಿಂದ ನರಕ್ಕೆ ತುಂಬಬೇಕು. ಅದಕ್ಕೆ ಫ್ಯಾಕ್ಟರ್ ಎನ್ನುತ್ತಾರೆ. ಪುಟ್ಟ ಬಾಟಲಿಯಲ್ಲಿ ಪುಡಿಯಾಗಿ ಬರುತ್ತದೆ, ನೀರು ಬೆರೆಸಿ ಸಿರಿಂಜಿಗೆ ಎಳೆದುಕೊಳ್ಳಬೇಕು. ಅದನ್ನು ಬೇರೆಯವರ ರಕ್ತದಿಂದ ತೆಗೆಯುವುದು. ಈಗ ಬರುವುದನ್ನು ವೈರಸ್ ಉಳಿಯದಂತೆ ಸಂಸ್ಕರಿಸಿರುತ್ತಾರೆ. ಚಾಚಾ ಹುಡುಗನಾಗಿದ್ದಾಗ ಇದೆಲ್ಲ ಎಲ್ಲಿತ್ತು? ದಾನಿಗಳ ರಕ್ತದಿಂದ ಬೇರ್ಪಡಿಸಿದ ತಿಳಿಯನ್ನೇ ಹಾಗೆಹಾಗೇ ಏರಿಸುತ್ತಿದ್ದರು. ಕೊಟ್ಟವರ ಮೈಯಲ್ಲಿ ಏನಿತ್ತೋ ಅದೂ ಜೊತೆಗೆ ಬರುತ್ತಿತ್ತು. ಹೆಪಟೈಟಿಸ್ ಸಿ ಎಂಬ ಕಾಮಾಲೆಯ ವೈರಸ್ಸಿಗೆ ಆಗ ಪರೀಕ್ಷೆಯೂ ಇರಲಿಲ್ಲ.

ಚಾಚಾನಿಗೆ ಹೆಪಟೈಟಿಸ್ ಸಿ ಇರುವುದು ಗೊತ್ತಾದದ್ದು ಬಹಳ ತಡವಾಗಿ, ಹಲ್ಲು ಕೀಳಿಸಲು ಹೋದಾಗ ಮಾಡಿದ ರಕ್ತಪರೀಕ್ಷೆಯಲ್ಲಿ. ಆ ವೈರಸ್ ಸದ್ದಿಲ್ಲದೆ ವರ್ಷಗಟ್ಟಲೆ ಲಿವರಿನಲ್ಲಿ ಬಾಡಿಗೆಯಿಲ್ಲದೆ ಕುಳಿತಿರುತ್ತದೆ. ಮುಂದಿನ ಭಾನುವಾರ ಅಂಗಡಿಯಲ್ಲಿ ಎಲ್ಲರೆದುರು ಅವರೇ ಹೇಳಿದರು. ತಾಯಂದಿರ ಮುಖಗಳು ಬದಲಾದವು. ಒಬ್ಬಾಕೆ ಕೈಯಲ್ಲಿದ್ದ ಚಹಾದ ಲೋಟವನ್ನು ಮೆಲ್ಲಗೆ ಕೆಳಗಿಟ್ಟಳು.

"ಲೋಟದಾಗೆ ಬರಲ್ಲ ಕಣವ್ವ, ಕುಡಿ," ಎಂದರು ಚಾಚಾ. "ಮುಟ್ಟಿದ್ರೂ ಬರಲ್ಲ, ಒಟ್ಟಿಗೆ ಉಂಡ್ರೂ ಬರಲ್ಲ. ರಕ್ತದಿಂದ ರಕ್ತಕ್ಕೆ ಅಷ್ಟೇ."

"ಯಾರಿಂದ ಬಂತು ಅಂತ ಕಂಡುಹಿಡೀರಿ ಚಾಚಾ, ಕೇಸ್ ಹಾಕಾಣ," ಎಂದರು ಜಗಳೂರಿನ ಗುಮಾಸ್ತರು.

"ಎಷ್ಟು ಜನರ ರಕ್ತ ಐತೆ ನನ್ನೊಳಗೆ! ಯಾವನು ಅಂತ ಹುಡುಕ್ಲಿ? ಅವರು ಕೊಟ್ಟಿದ್ದಕ್ಕೇ ಇವತ್ತು ಕೋರ್ಟಿಗೆ ಹೋಗಾಕೆ ನಾನು ಬದುಕಿರಾದು."

ಈಗ ಅದಕ್ಕೆ ಗುಳಿಗೆಗಳಿವೆ. ಕೆಲವು ತಿಂಗಳು ನುಂಗಿದರು. ಮುಗಿದ ಮೇಲೆ ಸ್ವಲ್ಪ ಕಾಲ ಬಿಟ್ಟು ವೈರಸ್ ಪೂರ್ತಿ ಹೋಗಿದೆಯೇ ಎಂದು ಕೊನೆಯ ಪರೀಕ್ಷೆ ಮಾಡುತ್ತಾರೆ. ನಾನು ಹೇಳಬೇಕಾದ ಘಟನೆ ನಡೆದದ್ದು ಈ ನಡುವಿನ ಕಾಲದಲ್ಲಿ. ಗುಳಿಗೆ ಮುಗಿದಿತ್ತು, ಕೊನೆಯ ಪರೀಕ್ಷೆ ಆಗಿರಲಿಲ್ಲ.

ಅಂದು ಮಧ್ಯಾಹ್ನ ಅಂಗಡಿಯಲ್ಲಿ ನಾವು ಕೆಲವರೇ ಇದ್ದೆವು. ಚಾಚಾ, ಅವರ ಹೆಂಡತಿ, ಅಕ್ಕ, ಅಕ್ಕನ ಮಗ, ನಾನು, ಜಗಳೂರಿನ ಗುಮಾಸ್ತರು. ನಮ್ಮ ಹುಡುಗ ಆಗಿನ್ನೂ ಚಿಕ್ಕವನು, ಹಲ್ಲು ಬೀಳುವ ವಯಸ್ಸು. ಗಾದಿಗಳ ಅಟ್ಟಿಯ ಮೇಲಿಂದ ಹಾರಿದ. ಕೆಳಗೆ ಅವತ್ತೇ ಹೊಲಿದ ಹೊಸ ಗಾದಿ. ನಾಲ್ಕು ತಾಲ್ಲೂಕಿನಲ್ಲಿ ಅದಕ್ಕಿಂತ ಮೆತ್ತನೆಯ ಜಾಗವಿರಲಿಲ್ಲ. ಅಚ್ಚುಕಟ್ಟಾಗಿ ಅದರ ನಡುಮಧ್ಯೆ ಬಿದ್ದ. ಬೀಳುವಾಗ ತನ್ನ ನಾಲಿಗೆಯನ್ನು ತಾನೇ ಕಚ್ಚಿಕೊಂಡ.

ನಾವು ಜಗತ್ತಿನ ಎಲ್ಲ ಗಟ್ಟಿ ವಸ್ತುಗಳಿಗೂ ಬಟ್ಟೆ ಸುತ್ತಿದ್ದೆವು. ಅವನ ಹಲ್ಲುಗಳ ಯೋಚನೆ ಯಾರಿಗೂ ಬಂದಿರಲಿಲ್ಲ.

ಮೊದಲು ಯಾರೂ ಗಾಬರಿಯಾಗಲಿಲ್ಲ. ಚಾಚಾನ ಹೆಂಡತಿ ಐಸ್ ತಂದು ಬಾಯಲ್ಲಿಟ್ಟರು. ಗಾಯ ನಾಲಿಗೆಯ ಬುಡದ ಹತ್ತಿರವಿತ್ತು. ರಕ್ತ ಹೊರಗೆ ಬಂದದ್ದು ಕಡಿಮೆ. ನಾಲಿಗೆ ಒಳಗೇ ತುಂಬಿಕೊಳ್ಳುತ್ತಾ ದಪ್ಪವಾಗತೊಡಗಿತು, ಗದ್ದದ ಕೆಳಗೆ ಊದಿತು. ಹುಡುಗ ಏನೋ ಹೇಳಿದ. ಬಾಯಲ್ಲಿ ಬಿಸಿ ಅನ್ನ ಇಟ್ಟುಕೊಂಡವನ ಹಾಗೆ ಕೇಳಿಸಿತು. ಆಗ ನನಗೆ ಅರ್ಥವಾಯಿತು. ಇನ್ನಷ್ಟು ಊದಿದರೆ ಉಸಿರಿನ ದಾರಿ ಮುಚ್ಚುತ್ತದೆ. ಅಕ್ಕನಿಗೆ ನನಗಿಂತ ಮೊದಲೇ ಅರ್ಥವಾಗಿತ್ತು.

ನಮ್ಮ ಮನೆಯ ಫ್ಯಾಕ್ಟರ್ ಹಿಂದಿನ ವಾರ ಅವನ ಮಂಡಿಗೆ ಖರ್ಚಾಗಿತ್ತು. ಒಂದು ಗಂಟೆ ದಾರಿಯ ಶಿವಮೊಗ್ಗದ ಆಸ್ಪತ್ರೆಯಿಂದ ಮರುದಿನ ತರುವವರಿದ್ದೆವು. ಅಕ್ಕ ನೆಟ್ಟಗೆ ಒಳಗೆ ಹೋಗಿ ಚಾಚಾನ ಫ್ರಿಜ್ಜು ತೆಗೆದಳು. ಹಾಲಿನ ಪ್ಯಾಕೆಟ್ಟಿನ ಪಕ್ಕ ಒಂದು ಸ್ಟೀಲ್ ಡಬ್ಬಿ. ಅದರಲ್ಲಿ ಟೋಪಿ ಹಾಕಿದ ಸಿರಿಂಜು, ಒಳಗೆ ಅರ್ಧ ಔಷಧಿ. ಒಡೆಯದ ಬಾಟಲಿ ಬೇರೊಂದೂ ಇರಲಿಲ್ಲ. ಬೆಳಿಗ್ಗೆ ಮೊಣಕೈ ನೋವಿಗೆಂದು ಚಾಚಾ ಅರ್ಧ ಚುಚ್ಚಿಕೊಂಡು, ಉಳಿದರ್ಧವನ್ನು ಸಂಜೆಗೆಂದು ಎತ್ತಿಟ್ಟಿದ್ದರು. ಬೆರೆಸಿದ್ದನ್ನು ಹಾಗೆ ಇಡಬಾರದು ಎಂದು ಆಸ್ಪತ್ರೆಯಲ್ಲಿ ಎಷ್ಟು ಬೈದರೂ ಬಿಡದ ಅಭ್ಯಾಸ. ದೊಡ್ಡವರ ಅರ್ಧ ಆ ವಯಸ್ಸಿನ ಮಗುವಿಗೆ ಸಾಕಾಗುವಷ್ಟಾಗುತ್ತದೆ. ಇಬ್ಬರಿಗೂ ಬೇಕಾದದ್ದು ಒಂದೇ ಬಗೆಯ ಫ್ಯಾಕ್ಟರ್. ಮಗನ ನರ ಹುಡುಕುವುದು ಅಕ್ಕನಿಗೆ ಗೊತ್ತಿತ್ತು.

"ಅದನ್ನ ಇಡು ತಂಗಿ," ಎಂದರು ಬಾಗಿಲಲ್ಲಿ ನಿಂತ ಚಾಚಾ.

"ಹೊಸ ಸೂಜಿ ಹಾಕ್ತೀನಿ."

"ಸೂಜಿ ಹೊಸದು ಹಾಕಿದ್ರೆ ಒಳಗಿಂದು ಹೊಸದಾಗಲ್ಲ. ನರ ಸಿಕ್ಕೈತಾ ಅಂತ ನೋಡಾಕೆ ಹಿಂದಕ್ಕೆ ಎಳೆದೀನಿ. ನನ್ನ ರಕ್ತ ಐತೆ ಅದರಾಗೆ. ನೋಡು, ಕೆಂಪು ಎಳೆ."

ಅಕ್ಕ ನೋಡಲಿಲ್ಲ. ನಾನು ನೋಡಿದೆ. ತಿಳಿಯಾದ ದ್ರವದಲ್ಲಿ ಗುಲಾಬಿ ಬಣ್ಣದ ಒಂದು ಹೊಗೆ.

"ಗುಳಿಗೆ ಮುಗಿದಾವಲ್ಲ ನಿಮ್ಮವು? ವಾಸಿ ಆಗಿರ್ತೈತೆ."

"ಆಗಿರಬಹುದು. ಪರೀಕ್ಷೆ ಆಗಿಲ್ಲ."

"ಆಮೇಲೆ ಬಂದ್ರೆ ಅವನಿಗೂ ಗುಳಿಗೆ ನುಂಗಿಸ್ತೀನಿ! ಈಗ ಉಸಿರು ಹೋದ್ರೆ ಯಾವ ಗುಳಿಗೆ ಕೊಡ್ಲಿ ಚಾಚಾ?"

ನನ್ನ ಡಿಗ್ರಿ ಆ ಹೊತ್ತು ಅಂಗಡಿಯ ಗಾದಿಗಳ ಹಾಗೆ ಗೋಡೆಗೊರಗಿ ನಿಂತಿತ್ತು. ಗುಮಾಸ್ತರು ಹೊರಗೆ ಫೋನಿನಲ್ಲಿ ಶಿವಮೊಗ್ಗದ ಆಸ್ಪತ್ರೆಗೆ ಕೂಗಿ ಹೇಳುತ್ತಿದ್ದರು: "ಫ್ಯಾಕ್ಟರ್ ರೆಡಿ ಮಾಡಿಟ್ಕಳ್ರೀ, ನಾಲಿಗೆ ರೀ, ನಾಲಿಗೆ!"

"ನಿಮಗೆ ಬೇಕು ಅಂತ ಇಟ್ಕಂಡೀರಲ್ಲ," ಎಂದಳು ಅಕ್ಕ. "ಅಷ್ಟೇ ತಾನೇ? ಹೇಳ್ರಿ."

ಚಾಚಾ ಕೋಲನ್ನು ಗೋಡೆಗೆ ಒರಗಿಸಿದರು. ಅವಳ ಕೈಯಿಂದ ಸಿರಿಂಜು ತೆಗೆದುಕೊಂಡರು. ಕಿತ್ತುಕೊಂಡರು ಎನ್ನಲಾರೆ, ಮಕ್ಕಳ ಕೈಯಿಂದ ಕತ್ತರಿ ತೆಗೆದುಕೊಳ್ಳುವ ಹಾಗೆ ತೆಗೆದುಕೊಂಡರು. ಟೋಪಿ ತೆಗೆದು ಬಚ್ಚಲಿನ ಮೋರಿಯ ಮೇಲೆ ಹಿಡಿದು ಹೆಬ್ಬೆರಳಿನಿಂದ ಒತ್ತಿದರು. ಸಣ್ಣ ಶಬ್ದವಾಯಿತು. ಅಷ್ಟು ಔಷಧಿ ಹೋಗಲು ಇಷ್ಟೇ ಹೊತ್ತು ಸಾಕೇ ಎನ್ನಿಸುವಷ್ಟು ಬೇಗ ಹೋಯಿತು.

ಅಕ್ಕ ಹೊಡೆದದ್ದು ಆಗ. ಎರಡೂ ಮುಷ್ಟಿಗಳಿಂದ, ಅವರ ತೋಳಿಗೆ, ಭುಜಕ್ಕೆ. ಹಿಮೋಫೀಲಿಯಾ ಇದ್ದವರನ್ನು ಹೊಡೆದರೆ ಏನಾಗುತ್ತದೆಂದು ಅವಳಿಗೆ ಗೊತ್ತಿಲ್ಲದ್ದಲ್ಲ. ಅವರ ಔಷಧಿ ಆಗಷ್ಟೇ ಮೋರಿಗೆ ಹೋಗಿದ್ದೂ ಗೊತ್ತಿತ್ತು. ಚಾಚಾ ಬಾಗಿಲ ಚೌಕಟ್ಟು ಹಿಡಿದು ನಿಂತು ಏಟು ತಿಂದರು.

"ಹೊಡಿ ತಂಗಿ," ಎಂದರು. "ಗಾಡ್ಯಾಗೆ ಕೂತ್ಕಂಡು ಹೊಡಿ. ಹೊತ್ತಾಗ್ತೈತೆ."

ಗಾದಿ ಸಾಗಿಸುವ ಲಗೇಜ್ ಆಟೋವನ್ನು ಅವರ ಹೆಂಡತಿ ಆಗಲೇ ಪಕ್ಕದ ಮನೆಯವನಿಂದ ಬಾಗಿಲಿಗೆ ತರಿಸಿದ್ದರು. ಒಳಗೆ ಹೊಸ ಗಾದಿ ಹಾಸಿತ್ತು. ಅಕ್ಕ ಮಗನನ್ನು ಮುಂದಕ್ಕೆ ಬಾಗಿಸಿ ಕೂರಿಸಿಕೊಂಡಳು. ರಕ್ತ ನುಂಗದಂತೆ ನಾನು ಬಾಯಿಯ ಕೆಳಗೆ ಬೋಗುಣಿ ಹಿಡಿದೆ. ಚಾಚಾನನ್ನು ಯಾರೂ ಕರೆದಿರಲಿಲ್ಲ. ಮಡಚದ ಕಾಲುಗಳನ್ನು ಹಲಗೆಯಂತೆ ಹೊರಚಾಚಿ ಹಿಂದೆ ಹತ್ತಿ ಕುಳಿತರು. ದಾರಿಯುದ್ದಕ್ಕೂ ಅಕ್ಕ ಅವರತ್ತ ತಿರುಗಲಿಲ್ಲ.

ಸವಳಂಗದ ಈಚೆ ಯಾರೋ ಅರ್ಧ ರಸ್ತೆಗೆ ಮೆಕ್ಕೆಜೋಳ ಒಣಗಲು ಹರವಿದ್ದರು. ಎದುರಿನಿಂದ ಬಸ್ಸು ಬಂತು. ನಮ್ಮ ಚಾಲಕ ಜೋಳದ ಮೇಲೆಯೇ ಹೋದ. ಕಾಳುಗಳು ಚಿಮ್ಮಿದವು, ಗಾಡಿ ಜಾರಿತು, ಜೋಳದವನು ಕಲ್ಲೆತ್ತಿಕೊಂಡು ಬೆನ್ನಟ್ಟಿದ.

"ಲೇ, ಕಣ್ಣು ಕಾಣಾಕಿಲ್ವೇನ್ರಲೇ!"

"ನಾಳೆ ಬಂದು ಬೈಸ್ಕಂತೀನಿ ಕಣಪ್ಪ," ಎಂದು ಚಾಚಾ ಹಿಂದಿನಿಂದ ಕೈಯೆತ್ತಿ ಕೂಗಿದರು. "ಇವತ್ತು ಮಗಿನ ಉಸುರು ಐತೆ ಗಾಡ್ಯಾಗೆ."

ಕೈ ಅರ್ಧಕ್ಕೇ ನಿಂತಿತು. ಭುಜ ಆಗಲೇ ಊದಿತ್ತು.

ಹುಡುಗನ ಉಸಿರು ಹುಕ್ಕಾದ ನೀರಿನ ಹಾಗೆ ಸದ್ದು ಮಾಡತೊಡಗಿತು. ಆಮೇಲೆ ಸದ್ದು ಸಣ್ಣದಾಯಿತು. ಸದ್ದಿದ್ದಾಗ ಅದು ನಿಲ್ಲಲಿ ಎಂದು ಬೇಡಿಕೊಂಡಿದ್ದ ನಾನು ಈಗ ಅದು ನಿಲ್ಲದಿರಲಿ ಎಂದು ಬೇಡಿಕೊಂಡೆ. ನಮ್ಮ ಪಾಠಗಳಲ್ಲಿ ಈ ಭಾಗ ಬರುವುದಿಲ್ಲ. ಇವತ್ತಿಗೂ ತರಗತಿಯಲ್ಲಿ ಚೌಕ ಬರೆದು ಮೂರನೇ ಮನೆಗೆ ಬಣ್ಣ ತುಂಬುವಾಗ ನನಗೆ ಮೋರಿಯ ಮೇಲೆ ಒತ್ತುತ್ತಿರುವ ಆ ಹೆಬ್ಬೆರಳು ಕಾಣುತ್ತದೆ. ಮನಸ್ಸಿನಲ್ಲಿ ಒಂದು ಸಲ ಸಿರಿಂಜು ಅಕ್ಕನ ಕೈಯಲ್ಲೇ ಉಳಿಯುತ್ತದೆ, ಹುಡುಗ ಅಲ್ಲೇ ಚೇತರಿಸಿಕೊಳ್ಳುತ್ತಾನೆ, ವರ್ಷಗಳ ಮೇಲೆ ಅವನ ಕಣ್ಣು ಹಳದಿಯಾಗುತ್ತದೆ. ಇನ್ನೊಂದು ಸಲ ಸಿರಿಂಜು ಖಾಲಿಯಾಗುತ್ತದೆ, ಗಾಡಿ ಜೋಳದ ಮೇಲೆ ಮಗುಚುತ್ತದೆ. ಮಕ್ಕಳು "ಸಾರ್, ಬಣ್ಣ ಗೆರೆ ದಾಟ್ತು" ಎನ್ನುತ್ತಾರೆ.

ಆಸ್ಪತ್ರೆಯಲ್ಲಿ ಬಾಗಿಲಲ್ಲೇ ಕಾಯುತ್ತಿದ್ದರು. ಉಸಿರಿಗೆ ಕೊಳವೆ ಹಾಕಲು ಎಲ್ಲ ಸಿದ್ಧ ಮಾಡಿಕೊಂಡೇ ಫ್ಯಾಕ್ಟರ್ ಏರಿಸಿದರು. ಊತ ಏರುವುದು ನಿಂತಿತು. ಕೊಳವೆ ಬೇಕಾಗಲಿಲ್ಲ. "ಸ್ವಲ್ಪ ತಡವಾಗಿದ್ದರೆ..." ಎಂದು ಶುರು ಮಾಡಿದ ವೈದ್ಯರು ಅಕ್ಕನ ಮುಖ ನೋಡಿ ವಾಕ್ಯ ಮುಗಿಸಲಿಲ್ಲ.

ಚಾಚಾನ ತೋಳನ್ನು ಕಂಡ ನರ್ಸು ಅವರಿಗೂ ಔಷಧಿ ತಂದಳು. ಜೀವನದುದ್ದಕ್ಕೂ ಸೂಜಿಯಲ್ಲೇ ಬದುಕಿದ ಮನುಷ್ಯ, "ಮೆಲ್ಲಗೆ ಚುಚ್ಚವ್ವ, ಅಯ್ಯೋ, ಕೋಣನ ಚರ್ಮ ಅಂತ ತಿಳಕಂಡೀಯಾ?" ಎಂದು ವಾರ್ಡೆಲ್ಲ ಕೇಳುವಂತೆ ಬಾಯಿ ಬಡಿದುಕೊಂಡರು. ಆಮೇಲೆ ನನ್ನ ಪಕ್ಕ ಬೆಂಚಿಗೆ ಒರಗಿದರು. ಯಾರೂ ಕೇಳದೆ ತಮ್ಮನ ವಿಷಯ ಹೇಳಿದರು.

"ನನ್ನ ತಮ್ಮಗೂ ಇದೇ ಕಾಯಿಲೆ ಇತ್ತು. ಒಂದು ಡೋಸು ಸಿಕ್ಕರೆ ಇಬ್ಬರಿಗೂ ಅರ್ಧರ್ಧ. ಮನ್ಯಾಗೆ ರೊಟ್ಟಿನೂ ಹಂಗೇ, ಅರ್ಧರ್ಧ. ಒಂದೇ ಸಿರಿಂಜು, ಕುದಿಸಾಕೆ ಯಾರಿಗೆ ತಾಳ್ಮೆ? ದೊಡ್ಡೋನು ಅಂತ ಮೊದ್ಲು ನಂಗೆ. ಉಳಿದದ್ದು ಅವಂಗೆ. ಮದ್ವಿ ಗೊತ್ತಾಗಿತ್ತು ಅವಂಗೆ. ಕಣ್ಣು ಹಳದಿ ಆತು, ಹೊಟ್ಟಿ ನೀರು ತುಂಬ್ತು. ಕಾಮಾಲೆ ಅಂತ ಊರೂರು ಸುತ್ತಿ ಬೇರು ಕುಡಿಸಿದ್ವಿ. ರಕ್ತ ಕಾರಿ ಹೋದ. ಆವಾಗ ಏನಂತಲೇ ತಿಳೀಲಿಲ್ಲ. ನನ್ನ ರಿಪೋರ್ಟ್ ಬಂತಲ್ಲ, ಆವಾಗ ತಿಳೀತು."

"ಅವರಿಗೂ ಬೇರೆ ಕಡೆಯಿಂದ ಬಂದಿರಬಹುದು ಚಾಚಾ. ಆ ಒಂದೇ ಡೋಸಿನಿಂದ ಇಬ್ಬರಿಗೂ ಬಂದಿರಬಹುದು."

"ಇರಬಹುದು. ನೀವು ಪಾಠ ಮಾಡೋರು, ಹಂಗೇ ಹೇಳ್ತೀರಿ. ನಾನು ರಾತ್ರಿ ಮಲಗಿದಾಗ ಮೊದ್ಲು ನಂಗೇ ಚುಚ್ಚಿದ್ದು ಅಂಬಾದೇ ನೆಪ್ಪಿಗೆ ಬರ್ತೈತೆ."

"ಇಷ್ಟೆಲ್ಲ ಗೊತ್ತಿದ್ದೂ ಈ ಅರ್ಧ ಯಾಕೆ ಎತ್ತಿಟ್ಟಿದ್ದಿರಿ?"

"ಚಟ," ಎಂದರು. "ಚೆಲ್ಲಾಕೆ ಕೈ ಬರ್ತಿರಲಿಲ್ಲ. ಇವತ್ತು ಬಂತು."

ತಮ್ಮನ ವಿಷಯವನ್ನು ನಾನು ಅಕ್ಕನಿಗೆ ಹೇಳಿದೆ. ಅವಳು ಕೇಳಿಸಿಕೊಂಡು, "ಅವರ ತಮ್ಮನ ಲೆಕ್ಕಾನ ನನ್ನ ಮಗನ ಮೇಲೆ ತೀರಿಸ್ಕಂಡ್ರಾ?" ಎಂದಳು. ಅಂಗಡಿಗೆ ಹೋಗುವುದನ್ನು ಬಿಟ್ಟಳು. ಹ್ಯಾಗೋ ಬದುಕಿದ್ದಾನಲ್ಲ ಎಂದು ಯಾರಾದರೂ ಸಮಾಧಾನ ಹೇಳಿದರೆ, ಬದುಕಿದ್ದು ಅವರಿಂದಲ್ಲ ಎನ್ನುತ್ತಿದ್ದಳು. ಅದು ನಿಜವೂ ಆಗಿತ್ತು.

ಕೆಲವು ತಿಂಗಳ ಮೇಲೆ ಒಂದು ಬೆಳಿಗ್ಗೆ ಚಾಚಾ ಚನ್ನಗಿರಿಗೆ ಬಂದರು. ಮಂಡಿ ಮಡಚದವರು ಎರಡು ಬಸ್ಸು ಬದಲಿಸಿ ಬರುವುದೆಂದರೆ ಅರ್ಧ ಬಸ್ಸಿನೊಡನೆ ಜಗಳವಾಡಿಕೊಂಡು ಬರುವುದು. ನಾನು ಅಕ್ಕನ ಮನೆಯಲ್ಲೇ ಇದ್ದೆ. ಹೊಸ್ತಿಲ ಆಚೆಯೇ ನಿಂತು ಹೇಳಿದರು:

"ಕೊನೇ ಪರೀಕ್ಷೆ ರಿಪೋರ್ಟ್ ಬಂತು ತಂಗಿ. ಏನೂ ಇಲ್ವಂತೆ. ವೈರಸ್ ಪೂರ್ತಿ ಹೋಗೈತಂತೆ. ಗುಳಿಗೆ ಮುಗಿದಾಗಲೇ ಹೋಗಿರ್ತೈತೆ ಅಂದ್ರು ಡಾಕ್ಟ್ರು."

ಅಕ್ಕ ಅಕ್ಕಿ ಆರಿಸುತ್ತಿದ್ದವಳು ಮೊರ ಕೆಳಗಿಟ್ಟಳು. "ಅಂದ್ರೆ ಅವತ್ತು ಅದರಾಗೆ ಏನೂ ಇರಲಿಲ್ಲ."

"ಇರಲಿಲ್ಲ."

"ಕೊಡಬಹುದಾಗಿತ್ತು."

"ಕೊಡಬಹುದಾಗಿತ್ತು."

ಇದನ್ನು ಹೇಳಲಿಕ್ಕೆಂದೇ ಅವರು ಅಷ್ಟು ದೂರ ಬಂದಿದ್ದರು. ಸುಮ್ಮನಿದ್ದಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಬೆರೆಸಿಟ್ಟ ಔಷಧಿಯಲ್ಲಿ ಬೇರೆ ಸೋಂಕು ಸೇರಿರಬಹುದಿತ್ತು ಎಂದು ನಾನು ನಡುವೆ ಬಾಯಿಹಾಕಿದೆ. ಇಬ್ಬರೂ ನನ್ನತ್ತ ನೋಡಲಿಲ್ಲ.

"ಅವತ್ತು ಗೊತ್ತಿರಲಿಲ್ಲ ತಂಗಿ," ಎಂದರು ಚಾಚಾ. "ನನ್ನ ತಮ್ಮಗೆ ಹಾಕಿದಾಗಲೂ ಗೊತ್ತಿರಲಿಲ್ಲ. ಗೊತ್ತಿಲ್ಲದ್ದನ್ನ ಒಂದು ಸಲ ಹಾಕೀನಿ. ಇನ್ನೊಂದು ಸಲ ಆಗಲಿಲ್ಲ."

ಅಕ್ಕ ಎದ್ದಳು. ಒಳಗೆ ಹೋಗಿಬಿಡುತ್ತಾಳೆ ಎಂದುಕೊಂಡೆ. ಎತ್ತರದ ಸ್ಟೂಲೊಂದನ್ನು ತಂದು, ಮೇಲೆ ಮಡಿಸಿದ ಕಂಬಳಿ ಹಾಕಿ, ಅವರು ಒರಗುವಂತೆ ಗೋಡೆಗಿಟ್ಟಳು.

"ತೋಳು ಹೆಂಗೈತೆ?" ಎಂದು ಕೇಳಿದಳು.

"ಪೂರ್ತಿ ಮ್ಯಾಲೆ ಹೋಗಲ್ಲ. ಪರವಾಗಿಲ್ಲ. ಮ್ಯಾಲೆ ಅಂಥಾದ್ದೇನೂ ಇಟ್ಟಿಲ್ಲ ನಾನು."

ಅಕ್ಕನಿಗೆ ನಗು ಬಂತು. ಜೊತೆಗೇ ಅಳುವೂ ಬಂದದ್ದರಿಂದ ಕಾಫಿಗೆ ಎರಡು ಸಲ ಸಕ್ಕರೆ ಬಿತ್ತು. ಅವರು ಚೆಲ್ಲದೆ ಕುಡಿದರು.

ವೈರಸ್ ಹೋದರೂ ಅದು ಅಷ್ಟು ವರ್ಷ ಕೊರೆದ ಲಿವರ್ ಹೊಸದಾಗಲಿಲ್ಲ. ಈ ವರ್ಷ ಅದರಲ್ಲಿ ಗಂಟು ಕಾಣಿಸಿತು. ಕೊನೆಯ ಸಲ ನೋಡಲು ಹೋದಾಗ ಹೊಟ್ಟೆ ತುಂಬಿಕೊಂಡು ಅಂಗಾತ ಮಲಗಿದ್ದರು. "ಮೇಷ್ಟ್ರೇ, ಯಾವ ಮಗ್ಗುಲಿಗೂ ಆಗವಲ್ದು. ಇಂಥಾ ಗಿರಾಕಿ ಬಂದ್ರೆ ಏನು ಹೇಳಬೇಕು ಅಂತ ನಾನು ಕಲ್ತೇ ಇಲ್ಲ," ಎಂದರು.

ಮಣ್ಣಿಗೆ ನಾನೂ ಹುಡುಗನೂ ಖಬರಸ್ತಾನಿನವರೆಗೆ ಹೋದೆವು. ಅಕ್ಕ ಮನೆಯಲ್ಲಿ ಚಾಚಾನ ಹೆಂಡತಿಯ ಪಕ್ಕ ಕುಳಿತಿದ್ದಳು. ಹಿಂದಿರುಗುವಾಗ ಹೊನ್ನಾಳಿಯ ಬಸ್ಸಿನಲ್ಲಿ ಅವಳು ಕಿಟಕಿಯ ಕಡೆಗೆ, ಹುಡುಗ ನಡುವೆ, ನಾನು ಈಚೆಗೆ. ಅವನಿಗೀಗ ಮೀಸೆ ಚಿಗುರುತ್ತಿದೆ. ತನ್ನ ನರಕ್ಕೆ ತಾನೇ ಚುಚ್ಚಿಕೊಳ್ಳುತ್ತಾನೆ. ಅಮ್ಮ ನಿದ್ದೆ ಹೋಗಿದ್ದಾಳೆಂದು ತಿಳಿದು ಮೆಲ್ಲಗೆ ನನ್ನನ್ನು ಕೇಳಿದ.

"ಮಾವ, ಅವತ್ತು ದಾರ್ಯಾಗೆ ನಾನು ಸತ್ತೋಗಿದ್ರೆ, ಅಮ್ಮ ಅವರನ್ನ ಕ್ಷಮಿಸ್ತಿದ್ಲಾ?"

ಅಕ್ಕ ಕಿಟಕಿಯಿಂದ ಮುಖ ತಿರುಗಿಸದೆ, "ಇಲ್ಲ," ಎಂದಳು.

ಹುಡುಗ ಅವಳ ಕಡೆ ತಿರುಗಿದ. "ಅದು ಅವರಿಗೆ ಗೊತ್ತಿತ್ತಾ?"

"ಗೊತ್ತಿತ್ತು," ಎಂದಳು ಅಕ್ಕ.